ಆಪಾ ಬಿಟ್ಟು ಕಳಿಸಿದ ಹೆಂಗಸರು

ಪಲ್ಲವಿ, ಶರಣು,

ದೀಪಾವಳಿ ರಜೆಯಲ್ಲಿ ನೀವು ಟಿವಿಗೆ ಹಾಕಿದ್ದ ಕಪ್ಪು ಬಿಳುಪಿನ ಇಂಗ್ಲಿಷ್ ಪಿಕ್ಚರು ಮುಗಿದಾಗ ನಾನು ಮಾತಾಡದೆ ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ‘ಆಯಿಗೆ ಸಿಟ್ಟು ಬಂತು’ ಎಂದು ಶರಣು ಅಂದದ್ದು ಕೇಳಿಸಿತು. ಸಿಟ್ಟು ಬಂದಿರಲಿಲ್ಲ ಕಂದಾ. ಬಂದದ್ದೇನು ಎಂದು ಬಾಯಿಬಿಟ್ಟು ಹೇಳುವುದು ನನ್ನಿಂದಾಗದು. ಒಂದೇ ಮನೆಯಲ್ಲಿದ್ದುಕೊಂಡು ಆಯಿ ಬರೆದಿಡುತ್ತಾಳಲ್ಲ ಎಂದು ನಗಬೇಡಿ. ನಾನು ಮಟಕಿಯ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವಳು. ಅಲ್ಲಿಯೂ ಮಾಸ್ತರರು ಏನಾದರೂ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ, ಎದ್ದು ನಿಂತು ಹೇಳುತ್ತಿರಲಿಲ್ಲ.

ಹೋದ ತಿಂಗಳು ಕೊಳಕೂರಿನಿಂದ ಫೋನು ಬಂತು, ಆಪಾ ತೀರಿಕೊಂಡರು ಎಂದು. ನನ್ನ ಮಗ, ನಿಮ್ಮಪ್ಪ, ಚಿಕ್ಕವನಿದ್ದಾಗ ಅವರ ಮನೆ ಇಲ್ಲೇ ಅಫಜಲಪುರದಲ್ಲಿ, ನಮ್ಮ ಹಿತ್ತಲಿಗೆ ಹಿತ್ತಲು ಹತ್ತಿಕೊಂಡು ಇತ್ತು. ಈಗ ಅಲ್ಲಿ ಗೊಬ್ಬರದ ಅಂಗಡಿಯವರ ಗೋದಾಮು ಇದೆಯಲ್ಲ, ಅದೇ ಜಾಗ. ಅವರ ಗಂಡ ಟೇಲರು. ಹಾಲು ಹಾಕುವವನಿಂದ ಹಿಡಿದು ನನ್ನ ಅತ್ತೆಯವರೆಗೆ ಎಲ್ಲರಿಗೂ ಅವರು ಆಪಾ. ಅವರು ಮಾತ್ರ ಓಣಿಯ ಹೆಂಗಸರನ್ನೆಲ್ಲ ತವರೂರಿನ ಹೆಸರಿನಿಂದ ಕರೆಯುತ್ತಿದ್ದರು. ನಾನು ‘ಮಟಕಿ’.

ಎತ್ತರದ ಮೈಕಟ್ಟು, ಕಿವಿಗೆ ದಾರ ಕಟ್ಟಿದ ಚಸ್ಮಾ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಗಂಡ ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವ ಕೆಲಸ ಅವರದು. ಹಿತ್ತಲ ಗೋಡೆ ಒಂದು ಕಡೆ ಬಿದ್ದು ಸೊಂಟದ ಎತ್ತರಕ್ಕೆ ನಿಂತಿತ್ತು. ಆ ಕಡೆ ಅವರು ಅಂಗಿ ಹಿಡಿದು ಕೂಡುತ್ತಿದ್ದರು, ಈ ಕಡೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವರ ಮೊಳಕಾಲಿನ ಕೆಳಗೆ ಯಾವಾಗಲೂ ಒಂದು ಪುಸ್ತಕ ಬಿಚ್ಚಿ ಬಿದ್ದಿರುತ್ತಿತ್ತು. ಕಲಬುರಗಿಯಲ್ಲಿ ಅವರ ತಮ್ಮನದು ಹಳೆ ಪುಸ್ತಕದ ಅಂಗಡಿ. ಇಂಗ್ಲಿಷಿನಿಂದ ಉರ್ದುವಿಗೆ ತಂದ ಪತ್ತೇದಾರಿ ಕಾದಂಬರಿಗಳನ್ನು ಅವನು ಬಸ್ಸಿನ ಮೇಲೆ ಕಳಿಸುತ್ತಿದ್ದ. ಒಂದಕ್ಕೂ ಮೇಲಿನ ರಟ್ಟು ಇರುತ್ತಿರಲಿಲ್ಲ.

ಆ ಪುಸ್ತಕಗಳಲ್ಲಿ ಒಬ್ಬ ಜಾಸೂಸ ಇರುತ್ತಾನೆ. ಪೊಲೀಸಿನವನಲ್ಲ, ಕೂಲಿ ಜಾಸೂಸ. ಯಾರು ಬಂದು ಕೇಳಿದರೂ ಅವರ ಕೆಲಸ ಹಿಡಿಯುತ್ತಾನೆ. ಹಿಂದಿಲ್ಲ, ಮುಂದಿಲ್ಲ. ಒಬ್ಬನೇ ಉಣ್ಣುತ್ತಾನೆ, ಒಬ್ಬನೇ ಮಲಗುತ್ತಾನೆ, ಕತ್ತಲ ಗಲ್ಲಿಯಲ್ಲಿ ಹೊಡೆತ ತಿಂದು ಬಿದ್ದು, ಎದ್ದು, ಟೋಪಿ ಜಾಡಿಸಿಕೊಂಡು ಮತ್ತೆ ಹೋಗುತ್ತಾನೆ. ಯಾರನ್ನೂ ನಂಬುವುದಿಲ್ಲ. ಆಪಾ ಅವನ ಮಾತು ಬಂದಾಗ ದುಪಟ್ಟಾವನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಿದ್ದರು, ಅದು ಟೋಪಿ. ಕಸ ಹೊಡೆಯುವ ಬಾರಿಗೆಯಿಂದ ಒಂದು ಕಡ್ಡಿ ಮುರಿದು ತುಟಿಗೆ ಇಟ್ಟುಕೊಳ್ಳುತ್ತಿದ್ದರು, ಅದು ಸಿಗರೇಟು. ಅವನು ಕುಡಿಯುವುದನ್ನು ಬಾಯಿಂದ ಹೇಳಲು ಅವರಿಗೆ ಮನಸ್ಸಿರಲಿಲ್ಲ, ‘ಕಹಿ ಶರಬತ್ತು’ ಅನ್ನುತ್ತಿದ್ದರು. ‘ಸಂಜೀಕ ಮನಿಗೆ ಬಂದ, ಎರಡು ಗ್ಲಾಸ್ ಕಹಿ ಶರಬತ್ತು ಕುಡದ, ಬೂಟು ಸೈತ ಬಿಚ್ಚಲಾರ್ದೆ ಬಿದ್ದಕೊಂಡ.’

ಎಲ್ಲಿಯೋ ಸಮುದ್ರದಾಚೆಯ ಶಹರಿನ ಕಥೆ. ಅದನ್ನು ಅವರು ಪೂರಾ ನಮ್ಮ ಕಡೆಗೆ ತಂದುಬಿಡುತ್ತಿದ್ದರು. ಜಾಸೂಸನ ಆಫೀಸು ಕಲಬುರಗಿಯಲ್ಲಿ ಕಾಳುಕಡಿ ಮಾರುವ ಅಡತ ಅಂಗಡಿಗಳ ಮೇಲಿನ ಮಹಡಿ. ಶ್ರೀಮಂತರ ಬಂಗಲೆ ಜೇವರ್ಗಿ ರಸ್ತೆಗೆ. ಹೆಣ ಸಿಕ್ಕುವುದು ಭೀಮಾ ನದಿಯ ಸೇತುವೆಯ ಕೆಳಗೆ. ಮುಂದೆ ಎಷ್ಟೋ ವರ್ಷ ಆ ಸೇತುವೆ ದಾಟುವಾಗ ನಾನು ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದೆ.

ನಿಮ್ಮ ಮುತ್ಯಾ, ನನ್ನ ಮನೆಯವರು, ಹೋದದ್ದು ಹೇಗೆಂದು ನಿಮಗೆ ಗೊತ್ತಿದೆ, ಮನೆಯಲ್ಲಿ ಯಾರೂ ಅದನ್ನು ಮುಚ್ಚಿಟ್ಟಿಲ್ಲ. ಬಸ್ ಕಂಡಕ್ಟರು ಅವರು. ಆಳಂದದ ಬಸ್ಸಿಗೆ ಹೊರಡುವಾಗ ಎದೆ ಉರಿಯುತ್ತದೆ ಅಂದರು. ಹಿಂದಿನ ದಿನ ಖಾರದ ಪಲ್ಯ ಉಂಡಿದ್ದರು. ನಾನು ಸೋಡಾದಲ್ಲಿ ನಿಂಬೆಹಣ್ಣು ಹಿಂಡಿ ಕೊಟ್ಟು, ‘ತೇಗು ಬಂದ್ರ ಆರಾಮ ಆಗ್ತದ, ಹೋಗಿ ಬರ್ರಿ’ ಅಂದೆ. ಆಳಂದದ ಬಸ್ ನಿಲ್ದಾಣದಲ್ಲಿ ಇಳಿದು ಚಹಾದಂಗಡಿಯ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಮಣ್ಣಿಗೆ ಬಂದ ಜನರ ಮುಂದೆ ನನ್ನ ಅತ್ತೆ, ‘ಸೋಡಾ ಕುಡಿಸಿ ಕಳಿಸಿದ್ಲು ನೋಡ್ರಿ’ ಅಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ನಡೆದದ್ದನ್ನು ಅಂದರು. ಆಮೇಲೆ ಮಾತಾಡಿಸಲು ಬಂದವರೆಲ್ಲ ‘ನಿಂದೇನ್ ತಪ್ಪವ್ವ’ ಎಂದು ಹೇಳಿ ಹೋದರು. ಅವರು ಹೇಳಿದಷ್ಟೂ ತಪ್ಪು ನನ್ನದೇ ಅನಿಸುತ್ತ ಹೋಯಿತು. ಆ ಮಾತು ಹೇಳದವರು ಆಪಾ ಒಬ್ಬರೇ.

ನಾನು ಅಂಗಳ ದಾಟಿ ಹೊರಗೆ ಹೋಗುವುದನ್ನು ಬಿಟ್ಟೆ. ಹಿತ್ತಲಲ್ಲಿ ಒಲೆ, ಒಲೆಯ ಮುಂದೆ ನಾನು. ಒಂದು ದಿನ ಗೋಡೆಯಾಚೆಯಿಂದ ದನಿ ಬಂತು.

‘ಏ ಮಟಕಿ, ಕೈ ರೊಟ್ಟಿ ಬಡೀಲಿ ಬೇ. ಕಿವಿ ಖಾಲಿ ಅವಲ್ಲ? ಒಂದು ಕಥಿ ಹೇಳ್ತೇನಿ.’

ಅವರು ಹೇಳಿದ ಆ ಮೊದಲ ಕಥೆ ಯಾವುದೆಂದು ನನಗೆ ನೆನಪಿರಲಿಲ್ಲ. ಅದಾದ ಮೇಲೆ ನಾನು ಒಲೆಯನ್ನು ಮನೆಯೊಳಗೆ ಒಯ್ದದ್ದು ನೆನಪಿತ್ತು. ಬಿಸಿಲು ಹತ್ತುತ್ತದೆ ಎಂದು ಅತ್ತೆಗೆ ಹೇಳಿದ್ದೆ. ಕೆಲವು ದಿನ ಹಾಗೇ ಹೋಯಿತು. ಆಮೇಲೆ ಆಪಾ ಗೋಡೆಯ ಮೇಲಿಂದ ಕತ್ತು ಚಾಚಿ, ‘ಹೊಸಾ ಪುಸ್ತಕ ಬಂದದ, ಈ ಸಲದ್ದು ಬ್ಯಾರೆನ ಅದ, ಬಾ’ ಎಂದರು. ಒಲೆ ಮತ್ತೆ ಹೊರಗೆ ಬಂತು.

ಆ ಕಥೆ ಈಗಲೂ ನನ್ನ ಕಣ್ಣ ಮುಂದಿದೆ. ಕರಿ ಬಟ್ಟೆ ತೊಟ್ಟ ಒಬ್ಬ ಹೆಂಗಸು, ಮುಖಕ್ಕೆ ಕರಿ ಜಾಳಿಗೆ, ಜಾಸೂಸನ ಮಹಡಿ ಹತ್ತಿ ಬರುತ್ತಾಳೆ. ಗಂಡನನ್ನು ಯಾರೋ ಕೊಂದಿದ್ದಾರೆ, ಕೊಂದವರನ್ನು ಹುಡುಕಿಕೊಡು ಅನ್ನುತ್ತಾಳೆ. ಮಳೆಯ ದಿನ ನಡೆದ ಕೊಲೆ. ಮನೆಯಿಂದ ಯಾರೂ ಹೊರಗೆ ಹೋಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬಾಗಿಲ ಮೂಲೆಯಲ್ಲಿ ಒಂದು ಕೊಡೆ ನಿಂತಿದೆ, ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ‘ಟಪ್, ಟಪ್, ಟಪ್’ ಎಂದು ಆಪಾ ಗೋಡೆಯ ಕಲ್ಲಿನ ಮೇಲೆ ಬೆರಳು ಬಡಿದರು. ನನ್ನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಅವರು ಸೂಜಿಗೆ ದಾರ ಪೋಣಿಸುತ್ತ ಕೂತುಬಿಟ್ಟರು.

‘ಯಾರದ್ರಿ ಆಪಾ ಕೊಡಿ?’

‘ರೊಟ್ಟಿ ಸುಡಾಕತ್ತದ ನೋಡು ಮೊದಲ.’

ಕೊಡೆ ಸತ್ತವನ ತಮ್ಮನದು. ಕೊಂದವನೂ ಅವನೇ. ಜಾಸೂಸ ಆ ಮೈದುನನನ್ನು ಹಿಡಿದು ಕೊಟ್ಟು, ಕರಿ ಬಟ್ಟೆಯ ಹೆಂಗಸನ್ನು ಅವಳ ಮನೆಯ ಬಾಗಿಲವರೆಗೆ ಬಿಟ್ಟು ಬಂದ. ನಾನು ಅವತ್ತು ಹೊಟ್ಟೆ ತುಂಬ ಉಂಡೆ.

ಅಲ್ಲಿಂದ ವರ್ಷಗಟ್ಟಲೆ ಕಥೆ ಕೇಳಿದೆ. ಬಹಳ ಕಥೆಗಳಲ್ಲಿ ಒಬ್ಬ ಹೆಂಗಸು ಇರುತ್ತಿದ್ದಳು, ಬಹಳ ಸಲ ಅವಳ ಗಂಡ ಸತ್ತಿರುತ್ತಿದ್ದ. ವಕೀಲ ಸಿಕ್ಕಿಬೀಳುತ್ತಿದ್ದ, ಡಾಕ್ಟರು ಸಿಕ್ಕಿಬೀಳುತ್ತಿದ್ದ, ವ್ಯಾಪಾರದ ಪಾಲುದಾರ ಸಿಕ್ಕಿಬೀಳುತ್ತಿದ್ದ. ಹೆಂಗಸು ಮನೆಗೆ ಹೋಗುತ್ತಿದ್ದಳು.

ಆ ಪುಸ್ತಕಗಳ ಮೇಲೆ ಹಿಂದಿಯವರು ತೆಗೆದ ಪಿಕ್ಚರುಗಳೂ ಬರುತ್ತಿದ್ದವು. ಅಂಥದೊಂದು ಆಳಂದದ ಟಾಕೀಸಿಗೆ ಬಂದರೆ ಟೇಲರ್ ಭಾಯಿ ಮಷೀನು ಮುಚ್ಚಿ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದರು. ‘ನೀನೂ ಬಾ’ ಎಂದು ಆಪಾ ಪ್ರತಿ ಸಲ ಕರೆಯುತ್ತಿದ್ದರು. ಗಂಡ ಸತ್ತವಳು ಟಾಕೀಸಿಗೆ ಹೋದಳು ಅನ್ನಿಸಿಕೊಳ್ಳುವ ಧೈರ್ಯ ನನಗೆಲ್ಲಿ? ಅದರಲ್ಲೂ ಆಳಂದಕ್ಕೆ. ಹೀಗಾಗಿ ಪಿಕ್ಚರನ್ನೂ ನಾನು ಗೋಡೆಯ ಮೇಲೆಯೇ ನೋಡಿದೆ. ಮಾರನೆಯ ದಿನ ಆಪಾ ಬೆಂಕಿಯಾಗಿ ಬಂದು ಕೂಡುತ್ತಿದ್ದರು.

‘ಅವನಿಗೆ ಅವ್ವನ್ನ ಕೊಟ್ಟಾರ ಬೇ!’

‘ಯಾರಿಗ್ರಿ?’

‘ಜಾಸೂಸಗ! ಪುಸ್ತಕದಾಗ ಅವನಿಗೆ ಒಂದು ಬೆಕ್ಕು ಸೈತ ಇಲ್ಲ. ಪಿಕ್ಚರ್‌ದಾಗ ಅವ್ವ ಬಂದಾಳ, ತಂಗಿ ಬಂದಾಳ, ತಂಗೀದು ಮದುವಿ ಬ್ಯಾರೆ ಆಗ್ತದ. ಅವ್ವ ಗಜ್ಜರಿ ಹಲ್ವಾ ತಿನ್ನಸ್ತಾಳ. ಹಲ್ವಾ ತಿಂದವ ಯಾವನರೆ ಗಲ್ಲ್ಯಾಗ ಹೋಗಿ ಹೊಡತಾ ತಿಂತಾನೇನ?’

ಟೇಲರ್ ಭಾಯಿ ಒಳಗಿನಿಂದ, ‘ಹಾಡು ಚಲೋ ಇದ್ವು’ ಅನ್ನುತ್ತಿದ್ದರು.

‘ನೀವು ಸುಮ್ನಿರ್ರಿ. ಮಳಿಯೊಳಗ ಕುಣದ್ರು ಬೇ ಮಟಕಿ, ಅದೂ ಕೊಲಿ ಆದ ಮನಿ ಮುಂದ. ಇದ್ದದ್ದು ಇದ್ಹಂಗ ತೋರಸಾಕ ಏನ್ ಆಗ್ತದ ಇವರಿಗೆ? ಬರದವ ಎಷ್ಟು ಒದ್ದಾಡಿ ಬರದಿರ್ತಾನ. ಆ ಕಡೀ ಹಾಳಿ ಒಂದ್ಕಾಗಿ ನಾ ಇಡೀ ಪುಸ್ತಕ ಓದ್ತೇನಿ. ಇವರು ಅದಕ್ಕ ಸಕ್ರಿ ಸುರೂತಾರ.’

‘ಕಡೀಕ ಏನ್ ಮಾಡ್ಯಾರ್ರಿ?’

ಅಷ್ಟು ಜಗಳಾಡಿದವರು ಆಗ ದಾರ ಕಡಿಯುತ್ತ, ‘ಕಡೀಕ ಏನಿಲ್ಲ ಬಿಡು’ ಎಂದು ಮುಂದಿನ ಅಂಗಿ ಎತ್ತಿಕೊಳ್ಳುತ್ತಿದ್ದರು. ನಾನು ಮುಂದೆ ಕೇಳುತ್ತಿರಲಿಲ್ಲ.

ನಾಲ್ಕು ಜನರಲ್ಲಿ ನನ್ನ ಬಾಯಿ ಏಳುವುದೇ ಕಡಿಮೆ. ಎದ್ದ ಒಂದು ದಿನ ಆಪಾನ ಮೇಲೆಯೇ ಎದ್ದಿತು. ಯಾರದೋ ಮದುವೆಗೆ ಓಣಿಯ ಹೆಂಗಸರೆಲ್ಲ ಕೂಡಿ ಖಡಕ್ ರೊಟ್ಟಿ ಮಾಡುತ್ತಿದ್ದೆವು. ಆಪಾ ದುಪಟ್ಟಾ ಎಳೆದುಕೊಂಡು, ಕಡ್ಡಿ ಕಚ್ಚಿಕೊಂಡು ಕಥೆ ಹೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ‘ಆಪಾನ ಜಾಸೂಸ ಹೆಂಗಸರನ್ನ ಮುಟ್ಟಂಗಿಲ್ರಿ. ಎಲ್ಲಾರ್ನೂ ಬಿಟ್ಟು ಕಳಸ್ತಾನ. ಮುಂದಿಂದು ನಾನ ಹೇಳ್ತೇನಿ, ವಕೀಲ ಮಾಡಿರ್ತಾನ!’ ಅಂದೆ. ಎಲ್ಲರೂ ಹಿಟ್ಟಿನ ಕೈಯಲ್ಲೇ ನಕ್ಕರು. ‘ಹೌದ್ ನೋಡು, ಎಲ್ಲಾ ಒಂದ ಕಥಿ’ ಎಂದು ಒಬ್ಬಳು ಸೇರಿಸಿದಳು. ಆಪಾ ಕೂಡ ನಕ್ಕರು. ಕಡ್ಡಿಯನ್ನು ಬಾಯಿಂದ ತೆಗೆದು, ‘ವಕೀಲನ ಮಾಡ್ಯಾನ, ಶಾಣ್ಯಾ ಆಗೀಯಲ್ಲ ಬೇ’ ಎಂದು ಕಥೆಯನ್ನು ಅಲ್ಲಿಗೇ ಮುಗಿಸಿದರು. ನನಗೆ ಅವತ್ತು ಎಲ್ಲರನ್ನೂ ನಗಿಸಿದೆನೆಂಬ ಹೆಮ್ಮೆ ಇತ್ತು.

ಟೇಲರ್ ಭಾಯಿ ತೀರಿಕೊಂಡ ವರ್ಷ ನಿಮ್ಮಪ್ಪನಿಗೆ ಹೊಸದಾಗಿ ನೌಕರಿ ಹತ್ತಿತ್ತು. ಅವರಲ್ಲಿ ಗಂಡ ಹೋದ ಮೇಲೆ ಹೆಂಗಸರು ಕೆಲವು ತಿಂಗಳು ಮನೆಯಿಂದ ಹೊರಗೆ ಬರುವುದಿಲ್ಲ. ನಾನು ದಿನವೂ ಹೋಗಿ ಹತ್ತಿರ ಕೂತೆ. ಬರೀ ಕೂತೆ. ಅವರ ಕಿವಿಯೂ ಖಾಲಿ ಇತ್ತಲ್ಲ, ಒಂದು ಕಥೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಹೊಳೆದಿತ್ತು, ನಾಚಿಕೆಯಾಯಿತು. ಆಮೇಲೆ ಮಗಳು ಬಂದು ಅವರನ್ನು ಕೊಳಕೂರಿಗೆ ಕರೆದುಕೊಂಡು ಹೋದಳು. ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು ಎಂದು ಯಾರಿಂದಲೋ ತಿಳಿಯಿತು. ಓದುವವರ ಕಣ್ಣು ಹೋಯಿತಲ್ಲ ಎಂದು ಮರುಗಿದೆ, ಆದರೆ ಹೋಗಿ ನೋಡಲಿಲ್ಲ.

ಇನ್ನು ದೀಪಾವಳಿಯ ಪಿಕ್ಚರು. ಇಂಗ್ಲಿಷು ನನಗೆ ತಿಳಿಯದು. ಟೋಪಿಯವನು ಮಹಡಿಯ ಮೇಲೆ ಕಾಲು ಚಾಚಿ ಕೂತದ್ದು ಕಂಡಿತು. ಬಾಗಿಲ ಗಾಜಿನ ಮೇಲೆ ಹೆಂಗಸಿನ ನೆರಳು ಬಿತ್ತು. ‘ಈಗ ಕರೀ ಜಾಳಿಗಿಯಾಕಿ ಬರ್ತಾಳ ನೋಡ್ರಿ’ ಅಂದೆ. ಬಂದಳು. ‘ಈಗ ಅವನ ತಲೀಗೆ ಹಿಂದಿಂದ ಹೊಡೀತಾರ’ ಅಂದೆ. ಹೊಡೆದರು. ನೀವಿಬ್ಬರೂ ಟಿವಿ ಬಿಟ್ಟು ನನ್ನನ್ನೇ ನೋಡತೊಡಗಿದಿರಿ.

‘ಆಯಿ, ಇದನ್ನ ಯಾವಾಗ ನೋಡೀದಿ?’ ಎಂದಳು ಪಲ್ಲವಿ. ‘ಇದು ಹಳೇ ಕಾದಂಬರಿ ಮ್ಯಾಲೆ ತೆಗದದ್ದು.’

‘ನೋಡಿಲ್ಲ ತಂಗಿ.’

ಕೊಡೆ ಬಂತು. ತುದಿಯಿಂದ ನೀರು ತೊಟ್ಟಿಕ್ಕುವ ಸಪ್ಪಳವನ್ನೂ ಹಾಕಿದ್ದರು, ಆಪಾನ ಬೆರಳಿನ ಸಪ್ಪಳದಂತೆಯೇ.

‘ಯಾರ್ ಮಾಡ್ಯಾರ ಹೇಳು ನೋಡೂಣು’ ಎಂದ ಶರಣು.

‘ಮೈದುನ. ಕೊಡಿ ಅವಂದು.’

ಆಗ ಕ್ಯಾಮೆರಾ ಕೊಡೆಯ ಹತ್ತಿರ ಹೋಯಿತು. ಹೆಂಗಸರ ಸಣ್ಣ ಕೊಡೆ, ಹಿಡಿಕೆಗೆ ರಿಬ್ಬನ್ನು. ಟೋಪಿಯವನು ಅದನ್ನು ಕೈಗೆ ತೆಗೆದುಕೊಂಡು ಕರಿ ಬಟ್ಟೆಯವಳ ಮುಂದೆ ಹಿಡಿದ. ಅವಳು ಅತ್ತಳು, ಅವನ ಕೊರಳು ತಬ್ಬಿದಳು. ಅವನ ಕಣ್ಣಲ್ಲೂ ನೀರಿತ್ತು. ಆದರೂ ಫೋನೆತ್ತಿ ಪೊಲೀಸರನ್ನು ಕರೆದ.

‘ತಪ್ಪು ತೆಗದಾರ. ಕಥಿ ಹಿಂಗಿಲ್ಲ’ ಅಂದೆ.

ಪಲ್ಲವಿ ನಕ್ಕಳು. ‘ಪುಸ್ತಕದಾಗೂ ಹಿಂಗ ಅದ ಆಯಿ, ನಾ ಓದೇನಿ. ಇಂಥಾ ಕಥಿಯೊಳಗ ಭಾಳ ಮಾಡಿ ಆಕೀನ ಮಾಡಿರ್ತಾಳ.’

ಆಗಲೇ ನಾನು ಎದ್ದು ಹೋದದ್ದು. ಆಪಾ ಹೇಳಿದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ವಕೀಲನೂ ಮಾಡಿರಲಿಲ್ಲ, ಡಾಕ್ಟರನೂ ಮಾಡಿರಲಿಲ್ಲ. ಅವರನ್ನೆಲ್ಲ ಆಪಾ ನನ್ನ ಮುಖ ನೋಡಿ ಬಿಟ್ಟು ಕಳಿಸಿದ್ದರು. ಹಾಗಾದರೆ ಆ ಸೋಡಾದ ಬಗ್ಗೆ ಅವರಿಗೆ ಏನು ಅನಿಸಿತ್ತು? ತಪ್ಪಿಲ್ಲದವಳನ್ನು ಬಿಟ್ಟು ಕಳಿಸುವುದು ಯಾಕೆ? ಇದನ್ನು ಕೇಳಲೇಬೇಕು ಎಂದು ನಾನು ಮಾರನೆಯ ದಿನ ಕೊಳಕೂರಿಗೆ ಹೋಗಲು ಒಬ್ಬಳೇ ಜೇವರ್ಗಿಯ ಬಸ್ಸು ಹತ್ತಿದೆ. ಆಪಾನನ್ನು ಮಾತಾಡಿಸಿ ಬರುತ್ತೇನೆ ಅಂತಷ್ಟೇ ನಿಮ್ಮಪ್ಪನಿಗೆ ಹೇಳಿದೆ.

ಆಪಾ ಮಗಳ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಮೈಯಲ್ಲಿ ಎಲುಬು ಮಾತ್ರ ಇತ್ತು. ದನಿ ಕೇಳಿ ಗುರುತು ಹಿಡಿದು ನನ್ನ ಅಂಗೈ ಸವರಿದರು.

‘ಮೆತ್ತಗಾಗ್ಯಾದ. ರೊಟ್ಟಿ ಬಡಿಯೂದು ಬಿಟ್ಟೀ ಬೇ ಮಟಕಿ?’

‘ಸೊಸಿ ಮಾಡ್ತಾಳ್ರಿ.’

‘ಮತ್ತ ನೀ ಏನ್ ಮಾಡ್ತಿ?’

‘ಮೊಮ್ಮಕ್ಕಳ ಜೋಡಿ ಪಿಕ್ಚರ್ ನೋಡ್ತೇನಿ. ನಿನ್ನೆ ನಿಮ್ಮ ಕೊಡೀ ಕಥಿ ನೋಡಿದೆ.’

ಅವರ ಬೆನ್ನು ನೆಟ್ಟಗಾಯಿತು. ‘ಖರೇನ? ಇಂಗ್ಲಿಷಿನವರದು? ಅವ್ವ ಇಲ್ಲಲ್ಲ ಅವನಿಗೆ?’

‘ಇಲ್ರಿ.’

‘ಹಾಡು?’

‘ಒಂದೂ ಇಲ್ರಿ.’

‘ಹೇಳು ಹೇಳು. ಏ, ಈಕೀಗೆ ಬಾರಿಗೀದೊಂದು ಕಡ್ಡಿ ತಂದು ಕೊಡು’ ಎಂದು ಮಗಳನ್ನು ಕೂಗಿದರು.

ಕಡ್ಡಿ ಹಿಡಿದುಕೊಂಡು ಹೇಳಿದೆ. ನನ್ನ ಬದುಕಿನಲ್ಲಿ ಒಬ್ಬರಿಗೆ ಹೇಳಿದ ಮೊದಲ ಕಥೆ ಅದು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲು ಬರಲಿಲ್ಲ. ಮಹಡಿ, ಜಾಳಿಗೆ, ಗಲ್ಲಿ, ಹೊಡೆತ ಎಲ್ಲ ದಾಟಿ ಕೊಡೆಗೆ ಬಂದೆ. ನನ್ನ ಮುಂದೆ ಗಂಡ ಹೋದ ಹೆಂಗಸು ಕಣ್ಣಿಲ್ಲದೆ ಕಿವಿ ಕೊಟ್ಟು ಕೂತಿದ್ದಳು. ನಾಲಿಗೆ ತಾನಾಗಿ ಹೊರಳಿತು.

‘ಕೊಡಿ ಮೈದುನಂದು. ಅವನ ಮಾಡಿದ್ದ. ಆಕೀನ್ನ ಮನೀತನಕ ಬಿಟ್ಟು ಬಂದ.’

ಆಪಾ ತಲೆ ಅಲ್ಲಾಡಿಸಿದರು.

‘ಸುಳ್ಳ’ ಅಂದರು. ‘ನನ್ನ ಯಾಕ ಬಿಟ್ಟು ಕಳಸ್ತೀ ಬೇ? ನಾ ಏನ್ ಮಾಡೇನಿ?’

ಎರಡು ಬಸ್ಸು ಬದಲಿಸಿ ನಾನು ಕೇಳಲು ಬಂದ ಮಾತನ್ನೇ ಅವರು ನನ್ನನ್ನು ಕೇಳಿದರು. ನನ್ನ ದನಿ ಏರಿತು.

‘ಮತ್ತ ನೀವು ನನ್ನ ಯಾಕ ಬಿಟ್ಟು ಕಳಿಸಿದ್ರಿ?’

‘ಮೊದಲನೇ ಕಥಿ ಖರೇನ ಹೇಳಿದ್ನಲ್ಲ. ಮರತೀಯೇನ? ಅದರಾಗೂ ಆಕೀನ ಮಾಡಿದ್ಲು, ಆಕೀನ್ನ ಹಿಡಿದು ಕೊಟ್ಟ ಅಂತ ಹೇಳಿದೆ. ನೀ ಒಲಿ ಒಳಗ ಒಯ್ದಿ. ಮನಿಯೆಲ್ಲಾ ಹೊಗಿ. ನಿನ್ನ ಮಗ ಕೆಮ್ಮೂದು ನಂಗ ಗೋಡಿ ಆಚೆ ಕೇಳಸ್ತಿತ್ತು. ಕೂಸು ಕೆಮ್ಮಾಕತ್ರ ಕಡೀ ಹಾಳಿ ಇಟಗೊಂಡು ನಾ ಏನ್ ಮಾಡ್ಲಿ?’

ಇಷ್ಟೇ ಅವರು ಹೇಳಿದ್ದು. ಅದರಲ್ಲಿ ಸೋಡಾ ಇರಲಿಲ್ಲ. ನನ್ನ ತಪ್ಪು ಇದೆ ಎಂದಾಗಲಿ ಇಲ್ಲ ಎಂದಾಗಲಿ ಅವರು ಅನ್ನಲಿಲ್ಲ, ನಾನೂ ಬಾಯಿ ತೆರೆದು ಕೇಳಲಿಲ್ಲ. ಕೇಳಬೇಕೆಂದು ಹೋದದ್ದು ಆ ಹೊತ್ತಿಗೆ ಸಣ್ಣದಾಗಿಬಿಟ್ಟಿತ್ತು. ಪಿಕ್ಚರಿನವರು ಕೊನೆ ಕೆಡಿಸಿದರೆ ಉಣ್ಣದೆ ಜಗಳಾಡುವ ಹೆಂಗಸು ನನಗಾಗಿ ವರ್ಷಾನುಗಟ್ಟಲೆ ದಿನವೂ ತಾನೇ ಕೊನೆ ಕೆಡಿಸಿಕೊಂಡಿದ್ದರು. ಅದನ್ನೇ ಹಿಡಿದು ನಾನು ಹಿಟ್ಟಿನ ಕೈಯ ಹೆಂಗಸರ ಮುಂದೆ ಅವರನ್ನು ನಗೆಪಾಟಲು ಮಾಡಿದ್ದೆ.

‘ಆಪಾ, ಅವತ್ತು ರೊಟ್ಟಿ ಮಾಡುಮುಂದ ನಾ ಅಂದದ್ದು...’

‘ಅದನ್ನ ತಗೊಂಡು ಏನ್ ಮಾಡ್ಲಿ? ಖರೇ ಕಡೀದು ಹೇಳು. ನಾ ಏನ್ ಒಲಿ ಒಳಗ ಒಯ್ಯಂಗಿಲ್ಲ.’

ಕಡ್ಡಿಯನ್ನು ತುಟಿಗಿಟ್ಟುಕೊಂಡೆ. ಸೆರಗು ಹುಬ್ಬಿಗೆ ಎಳೆದುಕೊಂಡೆ. ಅವರಿಗೆ ಕಾಣುತ್ತಿರಲಿಲ್ಲ, ಆದರೂ ಎಳೆದುಕೊಂಡೆ.

‘ಕೊಡಿ ಯಾರದು?’ ಎಂದು ಆಪಾ ಕೇಳಿದರು.

‘ಆಕೀದು.’

‘ಯಾರು ಮಾಡಿದ್ರು?’

ಕಡ್ಡಿಯನ್ನು ತುಟಿಯಿಂದ ತೆಗೆದೆ. ‘ಆಕೀನ ಮಾಡಿದ್ಲು.’

‘ಅವ?’

‘ಅಳಾಕತ್ತಿದ್ದ. ಅಳಕೋತನ ಹಿಡಿದು ಕೊಟ್ಟ.’

‘ಶಾಬಾಶ್!’ ಎಂದು ಆಪಾ ಹೊರಸಿನ ಮೇಲೆ ಕೈ ಬಡಿದರು. ಆ ಕಾಣದ ಕಣ್ಣು, ಹಲ್ಲಿಲ್ಲದ ಬಾಯಿ, ಇಡೀ ಮುಖ ದೀಪ ಹಚ್ಚಿದಂತೆ ಆಯಿತು. ಅಷ್ಟು ವರ್ಷ ಗೋಡೆಯಾಚೆ ಇಷ್ಟು ಹತ್ತಿರ ಕೂತಿದ್ದರು, ಒಂದು ಕಥೆಯ ಕೊನೆಯಲ್ಲೂ ಈ ಮುಖವನ್ನು ನಾನು ಕಂಡಿರಲಿಲ್ಲ. ಕಾಣಲು ನಾನೇ ಬಿಟ್ಟಿರಲಿಲ್ಲ. ‘ಇನ್ನೊಂದು ನೋಡ್ಕೊಂಡು ಬಾ’ ಎಂದು ಕಳಿಸಿದರು. ನಾನು ಪಲ್ಲವಿಯ ಹಿಂದೆ ಬಿದ್ದು ಪಿಕ್ಚರು ಹಾಕಿಸಿಕೊಂಡದ್ದು ಅದಕ್ಕೇ. ನೋಡಿಟ್ಟುಕೊಂಡಿದ್ದೆ. ಹಬ್ಬ, ನೆಂಟರು, ಮೊಳಕಾಲು ನೋವು ಎನ್ನುತ್ತ ದಿನ ತಳ್ಳಿದೆ. ಅಷ್ಟರಲ್ಲಿ ಫೋನು ಬಂತು. ಆ ಕಥೆ ನನ್ನಲ್ಲೇ ಉಳಿದಿದೆ.

ಮಕ್ಕಳೇ, ಈ ಹಾಳೆಗಳನ್ನು ನನ್ನ ಸೀರೆಯ ಟ್ರಂಕಿನಲ್ಲಿ ಹಳೆಯ ಕುಪ್ಪಸಗಳ ಕೆಳಗೆ ಇಡುತ್ತೇನೆ. ಆ ಕುಪ್ಪಸಗಳ ಕಾಜಾ ಆಪಾ ಮಾಡಿದ್ದು, ಇನ್ನೂ ಒಂದೂ ಬಿಚ್ಚಿಲ್ಲ. ನಾನು ಹೋದ ಮೇಲೆ ಟ್ರಂಕು ನಿಮ್ಮದು, ಹಾಳೆಗಳನ್ನು ಜೋಪಾನ ಮಾಡಿ. ಮುಂದೆ ನಿಮ್ಮ ಮಕ್ಕಳಿಗೆ ಇದನ್ನು ಓದಿ ಹೇಳುವಾಗ, ಆಯಿ ಪಾಪ, ಒಳ್ಳೆಯವಳು ಎಂದು ಆ ಸೋಡಾದ ಮಾತನ್ನು ಹಾರಿಸಿಬಿಡಬೇಡಿ. ಇದ್ದದ್ದನ್ನು ಇದ್ದ ಹಾಗೆ ಓದಿ.